ಅಪಸ್ವರ ನುಡಿಸಿ ಕೊಂಡ ಡಬ್ಬಿ

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಈ ಗಾದೆ ಕಟ್ಟಿದವನು ನಮ್ಮೂರಿನವನಲ್ಲ. ಮುತ್ತಿನ ಸಂಗತಿ ನನಗೆ ತಿಳಿಯದು, ಮಾತಂತೂ ನಮ್ಮಲ್ಲಿ ಆಡಿದರೆ ಹೋಗುವುದಿಲ್ಲ. ಮಾರನೇ ದಿನ ಅದೇ ಹೊತ್ತಿಗೆ, ಆಡಿದ ಜಾಗದಲ್ಲೇ, ಸ್ವಲ್ಪ ಮೆತ್ತಗಾಗಿ ಇನ್ನೊಮ್ಮೆ ಕೇಳಿಸುತ್ತದೆ. ಅದರ ಮಾರನೇ ದಿನ ಇನ್ನೂ ಮೆತ್ತಗೆ. ಆಮೇಲೆ ಇಲ್ಲ. ನಾವು ಅದಕ್ಕೆ ‘ನಿನ್ನೇದು’ ಎನ್ನುತ್ತೇವೆ. ‘ಸುಮ್ನಿರು, ನಿನ್ನೇದು ಬರ್ತಾ ಇದೆ’ ಎಂದರೆ ರಚ್ಚೆ ಹಿಡಿದ ಮಕ್ಕಳೂ ಬಾಯಿ ಮುಚ್ಚುತ್ತವೆ. ನನ್ನದು ಹಿಟ್ಟಿನ ಗಿರಣಿ. ರಜೆಯ ದಿನ ಬೀಗ ಹಾಕಿಕೊಂಡು ಮನೆಯಲ್ಲಿ ಬಿದ್ದುಕೊಂಡಿದ್ದರೂ ಗಿರಣಿ ಗುಂಯ್‌ಗುಡುತ್ತಲೇ ಇರುತ್ತದೆ. ಊರಿಗೆ ಹೊಸದಾಗಿ ಬಂದ ಸೊಸೆಯಂದಿರು ಆ ಸದ್ದು ನಂಬಿ ಜೋಳ ಹೊತ್ತು ಬಂದು, ಬೀಗ ನೋಡಿ, ನನ್ನ ವಂಶವನ್ನೆಲ್ಲ ಬೈದು ಹೋಗುತ್ತಾರೆ. ಮಾರನೇ ದಿನ ನಾನು ಹಿಟ್ಟು ಬೀಸುತ್ತಿರುವಾಗ ಆ ಬೈಗುಳ ನನಗೆ ಸರಿಯಾಗಿ ತಲುಪುತ್ತದೆ.

ಹೀಗಿರುವುದರಿಂದ ನಮ್ಮಲ್ಲಿ ಒಂದು ಕಟ್ಟಳೆ ಬೆಳೆದಿದೆ. ಬಾಯಿ ಜಾರಿ ಯಾರಿಗಾದರೂ ಕೆಟ್ಟ ಮಾತು ಅಂದರೆ, ಅಂದವರು ಮಾರನೇ ದಿನ ಆ ಹೊತ್ತಿಗೆ ಆ ಜಾಗದಲ್ಲಿ ಹಾಜರಿರಬೇಕು. ಮಾತು ತಿರುಗಿ ಬರುವಾಗ ಅದರ ಮೇಲೆಯೇ ಒಂದು ಒಳ್ಳೆಯ ಮಾತು ಹೇಳಬೇಕು. ಇದಕ್ಕೆ ‘ಜೊತೆ ನಿಲ್ಲುವುದು’ ಎಂದು ಹೆಸರು. ಮೂರನೇ ದಿನ ಎರಡೂ ಒಂದರೊಳಗೊಂದು ಸೇರಿಕೊಂಡು ಬರುತ್ತವೆ, ಕೇಳಲು ಅಷ್ಟೇನೂ ಕಹಿ ಇರುವುದಿಲ್ಲ. ಬೆಳಗ್ಗೆ ಬೀದಿಯಲ್ಲಿ ನಡೆದರೆ ಯಾವುದಾದರೂ ಹೊಸ್ತಿಲಲ್ಲಿ ಗಂಡ ಕೈಕಟ್ಟಿ ನಿಂತು ತನ್ನ ನಿನ್ನೆಯ ಬೈಗುಳಕ್ಕೆ ಕಾಯುತ್ತಿರುವುದು ಕಾಣುತ್ತದೆ. ಅವನನ್ನು ಆಗ ಮಾತಾಡಿಸಬಾರದು. ಇಷ್ಟು ರಗಳೆ ಯಾರಿಗೆ ಬೇಕು ಎನ್ನುವವರಿಗೆ ಊರ ಹೊರಗೆ ಹಳ್ಳದ ಸೇತುವೆ ಇದೆ. ಅದನ್ನು ದಾಟಿದರೆ ಬೇರೆ ಊರುಗಳ ಹಾಗೆಯೇ, ಆಡಿದ್ದು ಅಲ್ಲಿಗೇ ಮುಗಿಯಿತು. ಆಚೆ ದಡದ ಚಹಾದ ಅಂಗಡಿ ನಡೆಯುವುದೇ ಜಗಳ ಆಡಲು ಬರುವ ಗಂಡಹೆಂಡಿರಿಂದ. ಆದರೆ ‘ಸೇತುವೆ ದಾಟಿ ಬೈಯೋನು’ ಎಂದರೆ ನಮ್ಮಲ್ಲಿ ಹೇಡಿ ಎಂದು ಅರ್ಥ. ಹೆಣ್ಣು ಕೊಡುವವರು ಮೊದಲು ವಿಚಾರಿಸುವುದೇ ಅದನ್ನು.

ಗಿರಣಿ ನಿಂತ ಮೇಲೆ ನಾನು ತಿಪ್ಪೇಶಣ್ಣನ ರಸಮಂಜರಿ ತಂಡದಲ್ಲಿ ರಿದಂ ಪ್ಯಾಡ್ ಬಾರಿಸುತ್ತೇನೆ. ತಂಡದ ಮಾಲೀಕನೂ ಅವನೇ, ಮುಖ್ಯ ಗಾಯಕನೂ ಅವನೇ. ಗಿಟಾರು ಸರ್ವಮಂಗಳಕ್ಕನದು. ಹಗಲೆಲ್ಲ ಸೀರೆಗಳಿಗೆ ಫಾಲ್ಸು ಹಾಕುತ್ತ, ಅಂಚಿಗೆ ಪಿಕೋ ಹೊಡೆಯುತ್ತ ಕೂರುವ ಹೆಂಗಸು. ಸಂಜೆ ದೀಪ ಹಚ್ಚಿ ಕರೆಂಟಿನ ಗಿಟಾರು ತೊಡೆಯ ಮೇಲಿಟ್ಟುಕೊಂಡರೆ ಅವಳೇ ಬೇರೆ. ಅವಳ ನುಡಿಸುವಿಕೆಯ ಗುಟ್ಟು ಇಷ್ಟೇ: ದಿನವೂ ಒಂದೇ ಹೊತ್ತಿಗೆ ಒಂದೇ ಜಾಗದಲ್ಲಿ ಕೂತು, ನಿನ್ನೆ ನುಡಿಸಿದ್ದು ತಿರುಗಿ ಬರುವಾಗ ಅದರ ಜೊತೆ ಇಂದಿನದನ್ನು ನುಡಿಸುತ್ತಾಳೆ. ನಿನ್ನೆ ಎಲ್ಲಿ ಬೆರಳು ತಪ್ಪಿತ್ತೋ ಅಲ್ಲಿ ಇಂದು ಅದಕ್ಕೆ ಹೊಂದುವ ಇನ್ನೊಂದು ಸ್ವರ ಇಡುತ್ತಾಳೆ. ನಾಳೆಯದಕ್ಕೆಂದು ಇವತ್ತೇ ಜಾಗ ಬಿಡುತ್ತಾಳೆ. ಅವಳ ಮನೆ ಮುಂದೆ ಜನ ನಿಂತು ಕೇಳುತ್ತಿದ್ದರು, ನಾನೂ ನಿಲ್ಲುತ್ತಿದ್ದೆ. ಒಬ್ಬಳೇ ಹೆಂಗಸು ತನ್ನ ಜೊತೆ ತಾನೇ ಅಷ್ಟು ಮರ್ಯಾದೆಯಿಂದ ಮಾತಾಡಿಕೊಳ್ಳುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಊರೊಳಗೆ ನಮ್ಮ ತಂಡವೂ ಹೀಗೇ ಬದುಕುತ್ತಿತ್ತು. ಕಾರ್ಯಕ್ರಮದ ಹಿಂದಿನ ದಿನವೇ ಹೋಗಿ ಅರ್ಧ ನುಡಿಸಿಟ್ಟು ಬರುತ್ತಿದ್ದೆವು. ಮಾರನೇ ದಿನ ನಾಲ್ಕು ಜನ ವೇದಿಕೆ ಹತ್ತಿದರೆ ಎಂಟು ಜನರ ಸದ್ದು. ಹಾಗಾಗಿ ಮೊದಲ ಸಲ ಹೊರಗಿನ ಒಂದು ಊರಿಗೆ, ಅಲ್ಲಿಯ ಶಾಲೆಯ ವಾರ್ಷಿಕೋತ್ಸವಕ್ಕೆ ಹೋದಾಗ ನಮ್ಮ ಬಣ್ಣ ಬಯಲಾಯಿತು. ಮಂಗಳಕ್ಕ ಒಂದು ಸಾಲು ನುಡಿಸಿ, ಅಭ್ಯಾಸಬಲದಿಂದ ನಿನ್ನೆಯ ಸಾಲಿಗೆ ಜಾಗ ಬಿಟ್ಟಳು. ಆ ಜಾಗದಲ್ಲಿ ಕೇಳಿಸಿದ್ದು ಮುಂದಿನ ಸಾಲಿನವರು ಕಡಲೆಕಾಯಿ ಒಡೆಯುವ ಸದ್ದು. ಮತ್ತೆ ನುಡಿಸಿದಳು, ಮತ್ತೆ ನಿಂತಳು. ‘ಕರೆಂಟ್ ಹೋಯ್ತೇನಕ್ಕಾ?’ ಎಂದು ಯಾರೋ ಕೂಗಿದರು, ಮೈದಾನವೆಲ್ಲ ನಕ್ಕಿತು. ಅವಳು ಅವಸರದಲ್ಲಿ ಖಾಲಿ ತುಂಬಲು ಹೋಗಿ ಕೈ ತಪ್ಪಿದಳು. ಆಮೇಲಿನ ಹಾಡುಗಳನ್ನೆಲ್ಲ ನಾವು ಹೇಗೋ ದಡ ಸೇರಿಸಿದೆವು.

ವೇದಿಕೆಯ ಹಿಂದೆ ನೀರಿನ ಟ್ಯಾಂಕಿನ ಬಳಿ ತಿಪ್ಪೇಶಣ್ಣ ಎಲ್ಲರೆದುರಿಗೇ ಅವಳ ಮೇಲೆ ಹರಿಹಾಯ್ದ. “ಮಧ್ಯೆ ಮಧ್ಯೆ ಗರ ಬಡಿದೋರ್ ತರ ನಿಂತ್ರೆ ಅದನ್ನ ಆರ್ಕೆಸ್ಟ್ರಾ ಅಂತಾರೇನಮ್ಮ? ಕೇಳಿದ್ರೆ ಇಲ್ಲಿ ನಿನ್ನೇದು ಬರಲ್ಲ ಅಂತೀಯ. ಕುಣಿಯೋಕೆ ಬರದೋಳು ನೆಲ ಡೊಂಕು ಅಂದ್ಳಂತೆ! ಗಿಟಾರು ನಿನ್ ಕೈಲಾಗಲ್ಲ, ಕೆಳಗಿಡು.” ಅವಳು ತಲೆ ಎತ್ತಲಿಲ್ಲ. ಬೇಸಿಗೆಯ ಕೊನೆಗೆ ಅದೇ ಮೈದಾನದಲ್ಲಿ ಹಳೆ ವಿದ್ಯಾರ್ಥಿಗಳ ಇನ್ನೊಂದು ಕಾರ್ಯಕ್ರಮವಿತ್ತು, ಅದನ್ನೂ ನಾವೇ ಒಪ್ಪಿಕೊಂಡಿದ್ದೆವು. ಅದೊಂದು ನೋಡುತ್ತೇನೆ, ಆಗಲೂ ಹೀಗೇ ಆದರೆ ಬೇರೆ ಗಿಟಾರಿನವರನ್ನು ಕರೆಸುತ್ತೇನೆ ಎಂದು ಅವನು ವ್ಯಾನು ಹತ್ತಿದ. ಮೈಕ್ ಸೆಟ್ಟಿನ ಖಾದರ್ ಮಾತ್ರ ವೈರು ಸುತ್ತುತ್ತಾ ಅವಳ ಹತ್ತಿರ ಬಂದು, “ಅಕ್ಕಾ, ನೀವ್ ಬಿಟ್ಟ ಜಾಗ ಎಲ್ಲಾ ಸರಿಯಾಗೇ ಇದೆ. ಅದನ್ನ ತುಂಬೋಕೆ ಒಂದು ಡಿಲೇ ಪೆಡಲ್ ತಗೊಳ್ಳಿ,” ಎಂದ. ನುಡಿಸಿದ್ದನ್ನು ಸ್ವಲ್ಪ ತಡ ಮಾಡಿ ತಿರುಗಿ ಕೊಡುವ ಡಬ್ಬಿಯಂತೆ, ಕಾಲಿನಲ್ಲಿ ಒತ್ತುವುದಂತೆ.

ಮಾರನೇ ದಿನ ನಾನು ಅವಳ ಅಂಗಡಿಗೆ ಹೋದೆ. ಪಿಕೋ ಮಿಷನ್ನು ನಿಲ್ಲಿಸದೆಯೇ ಮಾತಾಡಿದಳು. “ಬೈದಿದ್ದಕ್ಕೆ ಬೇಜಾರಿಲ್ಲ ಚನ್ನವೀರ. ನಾನೂ ತಪ್ಪು ನುಡಿಸಿದ್ದೆ. ಆದ್ರೆ ನಮ್ಮೂರಲ್ಲಿ ಬೈದಿದ್ರೆ ಇಷ್ಟೊತ್ತಿಗೆ ಬಂದು ನಿಂತಿರೋರು. ಅಲ್ಲಿ ಬೈದ್ರು. ಆ ಮಾತು ಬಿದ್ದ ಜಾಗದಲ್ಲಿ ಹಂಗೇ ಬಿದ್ದಿದೆ, ಅದರ ಜೊತೆ ಯಾರೂ ಇಲ್ಲ.” ಇಷ್ಟು ಹೇಳುವಾಗ ಅವಳ ಕಣ್ಣು ತುಂಬಿತು. ತಿಪ್ಪೇಶಣ್ಣ ಕೆಟ್ಟವನಲ್ಲ. ಆದರೆ ಅಂದು ಅವನು ಸೇತುವೆ ದಾಟಿ ಬೈದಿದ್ದ, ಅದು ಅವನಿಗೂ ಗೊತ್ತಿತ್ತು. ಆಮೇಲೆ ಅವಳ ಬೀದಿಯಲ್ಲಿ ಅವನು ಓಡಾಡಿದ್ದನ್ನು ನಾನು ಕಾಣಲಿಲ್ಲ.

ಡಬ್ಬಿ ಕೊಳ್ಳಲು ನಾವಿಬ್ಬರೂ ಗಿಟಾರು ಹೊತ್ತು ಪಟ್ಟಣಕ್ಕೆ ಬಸ್ಸು ಹತ್ತಿದೆವು. ವಾದ್ಯದ ಅಂಗಡಿಯ ಯಜಮಾನರು ವಯಸ್ಸಾದವರು, ಮೃದು ಮಾತಿನವರು. ಗಾಜಿನ ಕಪಾಟಿನ ತುಂಬ ಬಣ್ಣಬಣ್ಣದ ಡಬ್ಬಿಗಳು, ಒಂದೊಂದಕ್ಕೂ ಮೂರು ನಾಲ್ಕು ತಿರುಗಣೆ. “ಡಿಲೇನಾ? ಎಷ್ಟು ತಡ ಬೇಕು ನಿಮಗೆ?” ಎಂದರು. ನಾನು ಹಿಂದೆಮುಂದೆ ನೋಡದೆ, “ಒಂದು ದಿನದ್ದು ಇದ್ರೆ ಕೊಡಿ,” ಎಂದೆ. ಅವರು ಕನ್ನಡಕದ ಮೇಲಿಂದ ನೋಡಿ, ಒಂದು ಸೆಕೆಂಡು ತಡ ಮಾಡುವುದಕ್ಕೇ ಡಿಜಿಟಲ್ ಬೇಕು, ಹಳೆ ಪದ್ಧತಿಯ ಅನಲಾಗ್ ಆದರೆ ಅರ್ಧ ಸೆಕೆಂಡು ಮುಟ್ಟಿದರೆ ಹೆಚ್ಚು ಎಂದರು. ಮಂಗಳಕ್ಕ ನನ್ನ ಕಾಲು ತುಳಿದಳು.

ಮೊದಲು ಡಿಜಿಟಲ್ ಡಬ್ಬಿ ಹೊರಬಂತು. ಅಂಕಿ ಮಿನುಗುವ ಪರದೆ, ಥಳಥಳ ಹೊಳೆಯುವ ಮೈ. ಯಜಮಾನರು ವೈರು ಚುಚ್ಚಿ ಕೊಟ್ಟರು. ಅವಳು ಒಂದು ಸೊಗಸಾದ ಸಾಲು ನುಡಿಸಿದಳು. ಅಷ್ಟೇ ಸೊಗಸಾಗಿ ಅದು ತಿರುಗಿ ಬಂತು, ಒಂದು ಎಳೆಯೂ ಸವೆದಿರಲಿಲ್ಲ. “ಕನ್ನಡಿ ಇದ್ದಂಗೆ ತಾಯಿ, ಇದನ್ನೇ ತಗೊಳ್ಳಿ, ಈಗ ಎಲ್ಲರೂ ಇದನ್ನೇ ಒಯ್ಯೋದು,” ಎಂದರು ಯಜಮಾನರು. ನಾನು ಜೇಬಿಗೆ ಕೈ ಹಾಕಿದ್ದೆ. ಅವಳು ಮಾತ್ರ ತಂತಿಯನ್ನು ಕೊಂಚ ಪಕ್ಕಕ್ಕೆ ಎಳೆದು, ಶ್ರುತಿಗಿಂತ ಒಂದು ಕೂದಲೆಳೆ ಮೇಲೆ, ಹಲ್ಲು ಚುಳ್ ಎನ್ನುವಂಥ ಅಪಸ್ವರ ಎತ್ತಿದಳು. ಯಜಮಾನರು ಮುಖ ಸಿಂಡರಿಸಿದರು. ಡಬ್ಬಿ ಆ ಅಪಸ್ವರವನ್ನೇ ಹಿಡಿದು, ಕೋರ್ಟಿನಲ್ಲಿ ಸಾಕ್ಷಿ ಹೇಳುವವನ ಹಾಗೆ ಒಂದಕ್ಷರ ಬಿಡದೆ ಮತ್ತೆ ಮತ್ತೆ ಹೇಳಿತು. ಅವಳು ಅದರ ಮೇಲೆ ಒಂದು ಒಳ್ಳೆಯ ಸ್ವರ ಇಟ್ಟಳು. ಅಪಸ್ವರ ಜಾಗ ಬಿಡಲಿಲ್ಲ. “ಬೇಡ, ಇದು ಕ್ಷಮಿಸೋ ಜಾತಿಯಲ್ಲ,” ಎಂದಳು.

“ಏನಮ್ಮ, ಬೇಕೂಂತ ತಪ್ಪು ನುಡಿಸಿದ್ರಾ?” ಎಂದು ಯಜಮಾನರು ಕೇಳಿದರು. “ಹೂಂ ಸಾರ್. ಚೆನ್ನಾಗಿ ನುಡಿಸಿದ್ದನ್ನ ಯಾವ ಡಬ್ಬಿಯಾದ್ರೂ ಚೆನ್ನಾಗೇ ಕೊಡುತ್ತೆ. ತಪ್ಪನ್ನ ಹೆಂಗೆ ಕೊಡುತ್ತೆ ನೋಡ್ಬೇಕಲ್ಲ, ನಾನು ಇದರ ಜೊತೆ ಬಾಳ್ವೆ ಮಾಡೋಳು.” ಅವರು ಕಪಾಟಿನ ಕೆಳಗಿನ ಸಾಲಿಗೆ ಕೈ ಹಾಕಿದರು. ಹುಡುಕುತ್ತ ಹುಡುಕುತ್ತ ಅನಲಾಗಿನ ಒಳಗುಟ್ಟು ಹೇಳಿದರು. ಬೆಂಕಿ ಬಿದ್ದಾಗ ಜನ ಸಾಲಾಗಿ ನಿಂತು ಕೈಯಿಂದ ಕೈಗೆ ಬಿಂದಿಗೆ ದಾಟಿಸುತ್ತಾರಲ್ಲ, ಒಳಗೆ ಸದ್ದು ದಾಟುವುದೂ ಹಾಗೆಯೇ. ದಾಟಿಸುವಾಗ ಪ್ರತಿ ಕೈಯಲ್ಲೂ ಒಂದಿಷ್ಟು ತುಳುಕುತ್ತದೆ. ಅದಕ್ಕೇ ತಿರುಗಿ ಬರುವ ಸದ್ದು ಮಂದ, ಮೂಲೆಗಳೆಲ್ಲ ಸವೆದಿರುತ್ತವೆ. ಕೆಲವರು ಅದನ್ನು ದೋಷ ಎನ್ನುತ್ತಾರೆ. “ತುಳುಕ್ಲಿ ಬಿಡಿ ಸಾರ್, ನಮ್ಮೂರಲ್ಲೂ ತುಳುಕುತ್ತೆ,” ಎಂದಳು ಮಂಗಳಕ್ಕ.

ಮೊದಲ ಅನಲಾಗ್ ಡಬ್ಬಿ ಅಂಗೈಯಗಲದ್ದು. ಅಪಸ್ವರ ನುಡಿಸಿದಳು. ಒಂದು ಸಲ ತಿರುಗುವಷ್ಟರಲ್ಲೇ ಅದು ಕಂಬಳಿ ಹೊದ್ದವನ ನರಳಾಟದಂತೆ ಮುದ್ದೆಯಾಯಿತು, ಎರಡನೇ ಸಲಕ್ಕೆ ಅದು ಯಾವ ಸ್ವರವೆಂದೇ ತಿಳಿಯಲಿಲ್ಲ. ನನಗೆ ಇದೇ ಸರಿ ಅನ್ನಿಸಿತು, ತಪ್ಪು ಮುಚ್ಚಿಹೋಗುತ್ತದಲ್ಲ. ಅವಳು ಬೇಡವೆಂದು ತಲೆ ಆಡಿಸಿದಳು. “ಇದು ಮರೆತೇ ಬಿಡುತ್ತೆ ಕಣೋ. ಮರೆತ ಮೇಲೆ ಅದರ ಜೊತೆ ನಿಲ್ಲೋದು ಹೆಂಗೆ?” ಆಮೇಲೆ ಬಂದದ್ದು ಇಟ್ಟಿಗೆ ಬಣ್ಣದ, ಅಂಚಿನಲ್ಲಿ ಬಣ್ಣ ಎದ್ದ, ತೂಕದ ಡಬ್ಬಿ. ಅಪಸ್ವರ ಹೋಯಿತು. ತಿರುಗಿ ಬಂದಾಗ ಅದು ಅಪಸ್ವರವೇ, ಸಂಶಯವಿಲ್ಲ, ಆದರೆ ಅದರ ಮೊನೆ ಹೋಗಿತ್ತು. ಮೂರನೆಯ ಸಲ ಬಂದಾಗ ಪಕ್ಕದಲ್ಲಿ ಯಾರಾದರೂ ಕೂತರೆ ಕೂರಲಿ ಎಂಬಂತೆ ಸರಿದುಕೊಂಡಿತ್ತು. ಅವಳು ಕೂತಳು, ಎಂದರೆ ಒಂದು ಸ್ವರ ಇಟ್ಟಳು. ಎರಡೂ ಸೇರಿ ನಾನು ಅದುವರೆಗೆ ಕೇಳಿರದ ಒಂದು ನಾದವಾಯಿತು. ಅಂಗಡಿಯಲ್ಲಿ ತಬಲಾ ನೋಡುತ್ತಿದ್ದವರೂ ತಿರುಗಿದರು.

ಯಜಮಾನರು ಕನ್ನಡಕ ತೆಗೆದು ಒರೆಸಿಕೊಂಡರು. “ನನ್ನ ತಲೆ ಹಣ್ಣಾಗಿದ್ದು ಈ ಅಂಗಡೀಲೇ. ತಪ್ಪು ನುಡಿಸಿ ಪೆಡಲ್ ಆರಿಸಿದವರನ್ನ ಇವತ್ತೇ ಕಂಡೆ ತಾಯಿ,” ಎಂದು ಡಬ್ಬಿಯನ್ನು ಹಳೆ ಪೇಪರಿನಲ್ಲಿ ಸುತ್ತಿ, ಅವಳ ಕೈಗೆ ತಾವೇ ತಂದು ಕೊಟ್ಟರು. ನಾನು ಹೊರಡುವಾಗ ಅಭ್ಯಾಸದಂತೆ, ಇವತ್ತು ನುಡಿಸಿದ್ದು ಹೇಗಿದೆ ಎಂದು ನಾಳೆ ಇದೇ ಹೊತ್ತಿಗೆ ಬಂದು ಕೇಳಿಸಿಕೊಂಡು ಹೋಗೋಣವಾ ಎಂದೆ. ಇಬ್ಬರೂ ನನ್ನ ಮುಖ ನೋಡಿದರು, ಬೇರೆ ಬೇರೆ ಕಾರಣಕ್ಕೆ.

ಡಬ್ಬಿ ಕೊಂಡದ್ದೇ ಸುಲಭದ ಕೆಲಸ ಎಂದು ಆಮೇಲೆ ಗೊತ್ತಾಯಿತು. ಮನೆಯಲ್ಲಿ ಒಂದು ಸಂಜೆ ಅಭ್ಯಾಸ ಮಾಡಿದಳು, ಮಾರನೇ ದಿನ ಬೀದಿಯವರೆಲ್ಲ ಬಾಗಿಲಿಗೆ ಬಂದರು. ಒಂದು ನುಡಿಸಿದರೆ ಡಬ್ಬಿ ಅದನ್ನು ನಾಲ್ಕು ಮಾಡುತ್ತದೆ, ಆ ನಾಲ್ಕನ್ನೂ ಊರು ಮಾರನೇ ದಿನ ಒಪ್ಪಿಸುತ್ತದೆ, ನಾವು ಮಲಗುವುದು ಯಾವಾಗ ಎಂದು ಅವರ ತಕರಾರು. ಹಾಗಾಗಿ ಅವಳು ಗಿಟಾರು, ಡಬ್ಬಿ, ಬ್ಯಾಟರಿಯ ಪುಟ್ಟ ಸ್ಪೀಕರು ಹೊತ್ತು ಸೇತುವೆಯಾಚೆ ಹೋಗತೊಡಗಿದಳು. ಈ ಕಡೆ ಬೆಂಚಿನಲ್ಲಿ ಗಂಡಹೆಂಡಿರ ಜಗಳ, ಆ ಕಡೆ ಬೆಂಚಿನಲ್ಲಿ ಅಣ್ಣತಮ್ಮಂದಿರ ಪಾಲಿನ ಜಗಳ, ನಡುವೆ ಮಂಗಳಕ್ಕ. ನಾಚಿಕೆ ಬಿಟ್ಟು ತಪ್ಪು ನುಡಿಸುತ್ತ, ಅದರ ಮೇಲೆ ನುಡಿಸುತ್ತ ಕೂತಳು. ಜಗಳಕ್ಕೆ ಬಂದವರು ಬೈಗುಳದ ನಡುವೆ ನಿಲ್ಲಿಸಿ ಕೇಳತೊಡಗಿದರು. ಜಗಳ ಬೇಗ ಮುಗಿದು ಎರಡನೇ ಚಹಾ ಯಾರೂ ಹೇಳುತ್ತಿಲ್ಲವೆಂದು ಚಹಾದವನು ಗೊಣಗಿದ.

“ನಮಗೆ ಒಂದು ರಾತ್ರಿ ಸಿಗ್ತಿತ್ತು ಚನ್ನವೀರ,” ಎಂದು ಒಂದು ದಿನ ದಣಿದು ಹೇಳಿದಳು. “ತಪ್ಪಾಯ್ತು ಅಂದ್ರೆ ಮಲಗಿ, ಎದ್ದು, ಯೋಚನೆ ಮಾಡಿ, ನಾಳೆ ಜೊತೆ ನಿಲ್ತಿದ್ದೆ. ಇದು ರೆಪ್ಪೆ ಬಡಿಯೋಷ್ಟೂ ಹೊತ್ತು ಕೊಡಲ್ಲ. ತಪ್ಪಿದ ಕೈಯೇ ಆಗಿಂದಾಗ್ಗೆ ಒಳ್ಳೇದೂ ಹೇಳ್ಬೇಕು.” ಬೆರಳ ತುದಿ ಒಡೆದು ಅದಕ್ಕೆ ಸೀರೆಯ ಚೂರು ಸುತ್ತಿದ್ದಳು. ನನ್ನಂಥವನಾಗಿದ್ದರೆ ಡಬ್ಬಿಯನ್ನು ಹಳ್ಳಕ್ಕೆ ಎಸೆದು ಬರುತ್ತಿದ್ದೆ. ಅವಳು ತಡದ ತಿರುಗಣೆಯನ್ನು ಇನ್ನೂ ಕಡಿಮೆ ಮಾಡಿ ಮತ್ತೆ ಶುರು ಮಾಡಿದಳು. ಹೆಚ್ಚು ಕಷ್ಟದ್ದು ಬಂದರೆ ಕಡಿಮೆ ಕಷ್ಟದ್ದು ತಾನಾಗಿ ಬರುತ್ತದೆ ಎಂಬುದು ಅವಳ ಲೆಕ್ಕ. ಆ ಲೆಕ್ಕ ಸರಿಯಾಗಿಯೇ ಇತ್ತು.

ಬೇಸಿಗೆಯ ಕೊನೆಗೆ ಅದೇ ಶಾಲೆಯ ಮೈದಾನ. ಹೊತ್ತು ಇಳಿಯುವ ಮೊದಲೇ ಜನ ಸೇರಿದ್ದರು. ತಿಪ್ಪೇಶಣ್ಣ ಅವಳ ಕಾಲ ಬಳಿಯ ಇಟ್ಟಿಗೆ ಬಣ್ಣದ ಡಬ್ಬಿ ನೋಡಿ ಮೈಕಿನ ಕಡೆ ಹೋದ. ಮೊದಲ ಹಾಡುಗಳಲ್ಲಿ ಅವಳು ಬಿಟ್ಟ ಜಾಗಗಳಲ್ಲಿ ಅವಳ ಸಾಲಿನ ಕೊನೆಯೇ ಮೆತ್ತಗೆ ತಿರುಗಿ ತಿರುಗಿ ಬರುತ್ತಿತ್ತು, ಕಡಲೆಕಾಯಿಯ ಸದ್ದು ಕೇಳಿಸಲಿಲ್ಲ. ಆಮೇಲೆ ತಿಪ್ಪೇಶಣ್ಣ ತನಗೆ ಹೆಸರು ತಂದುಕೊಟ್ಟ ಹಳೆಯ ಹಾಡು ಎತ್ತಿಕೊಂಡ. ಅದರ ಚರಣದಲ್ಲಿ ದನಿ ಮೇಲಕ್ಕೆ ಹತ್ತಿ ನಿಲ್ಲಬೇಕು, ಅವನಿಗೆ ನೀರು ಕುಡಿದಷ್ಟು ಸಲೀಸು. ಅಂದು ಹತ್ತಿತು, ನಿಲ್ಲಲಿಲ್ಲ. ತುದಿಯಲ್ಲಿ ಒಡೆದು ಪಕ್ಕದ ಸ್ವರಕ್ಕೆ ಜಾರಿ ಬಿತ್ತು. ಹಿಂದಿನ ಸಾಲಿನಿಂದ ಶಿಳ್ಳೆ ಬಂತು. ಅವನು ಮೈಕು ಹಿಡಿದುಕೊಂಡೇ ಇದ್ದ, ಬಾಯಿಂದ ಮುಂದಿನ ಪದ ಹೊರಡಲಿಲ್ಲ.

ಮಂಗಳಕ್ಕನಿಗೆ ಅದನ್ನು ಮುಚ್ಚಿಹಾಕುವುದು ಸುಲಭವಿತ್ತು, ಜೋರಾಗಿ ಸರಿಯಾದ ಸ್ವರ ಬಾರಿಸಿದ್ದರೆ ಸಾಕಿತ್ತು. ಅವಳು ಹಾಗೆ ಮಾಡಲಿಲ್ಲ. ಅವನು ಜಾರಿದ ಆ ತಪ್ಪು ಸ್ವರವನ್ನೇ ತನ್ನ ಗಿಟಾರಿನಲ್ಲಿ ನುಡಿಸಿದಳು. ಸೇಡು ತೀರಿಸಿಕೊಳ್ಳುತ್ತಿದ್ದಾಳೆ ಅಂದುಕೊಂಡೆ. ಡಬ್ಬಿ ಅದನ್ನು ತಿರುಗಿ ಕೊಟ್ಟಿತು, ಮೊನೆ ಇಲ್ಲದೆ. ಅದರ ಪಕ್ಕ ಅವಳು ಒಂದು ಸ್ವರ ಇಟ್ಟಳು. ಮತ್ತೆ ತಿರುಗಿತು, ಇನ್ನೊಂದು ಇಟ್ಟಳು. ನಾಲ್ಕನೇ ಸಲಕ್ಕೆ ಆ ಜಾರಿಕೆಯಿಂದಲೇ ಒಂದು ದಾರಿ ಹೊರಟು ಸೀದಾ ಚರಣದ ತುದಿಗೆ ಹೋಗಿ ನಿಂತಿತ್ತು. ಹಾಡು ಕಟ್ಟಿದವರೇ ಹಾಗೆ ಕಟ್ಟಿದ್ದರೇನೋ ಅನ್ನುವ ಹಾಗೆ. ನಾನು ಪ್ಯಾಡು ಬಾರಿಸುವುದನ್ನು ಮರೆತಿದ್ದೆ. ಶಿಳ್ಳೆ ಹೊಡೆದವರೇ ಚಪ್ಪಾಳೆ ಹೊಡೆದರು. ತಿಪ್ಪೇಶಣ್ಣ ಅವಳ ಕಡೆ ಒಮ್ಮೆ ನೋಡಿ, ಅವಳು ಹಾಕಿಕೊಟ್ಟ ದಾರಿಯಲ್ಲೇ ಮೇಲೆ ಹತ್ತಿ ಹಾಡು ಮುಗಿಸಿದ. ಅಂಥ ಹಾಡುಗಾರಿಕೆ ಅವನಿಂದ ನಾನು ಹಿಂದೆ ಕೇಳಿರಲಿಲ್ಲ, ಇದನ್ನು ಹೇಳಲು ನನಗೆ ಹೊಟ್ಟೆಕಿಚ್ಚೇನೂ ಇಲ್ಲ.

ಮಾರನೇ ದಿನ ಊಟ ಮುಗಿಸಿ ಹೊರಡುವುದೆಂದು ವ್ಯಾನು ತಂದು ನಿಲ್ಲಿಸಿದ್ದರು. ತಿಪ್ಪೇಶಣ್ಣ ಹತ್ತಲಿಲ್ಲ. ವೈರು ಸುತ್ತುತ್ತಿದ್ದ ಖಾದರನ ಹತ್ತಿರ ಹೋಗಿ, “ಆಯಮ್ಮನ ಡಬ್ಬಿಗೆ ಮೈಕು ಕೊಡಕ್ಕಾಗುತ್ತೇನಪ್ಪ?” ಎಂದು ಕೇಳಿದ. ಖಾದರ್ ಯಾವುದೋ ಜೋಡಣೆ ಹುಡುಕಿ, ಒಂದು ಸ್ಪೀಕರಿನ ಜೊತೆ ಎಲ್ಲವನ್ನೂ ಅವನು ತೋರಿಸಿದ ಕಡೆಗೆ ಹೊತ್ತು ತಂದ. ಅದು ವೇದಿಕೆಯ ಹಿಂದಿನ ನೀರಿನ ಟ್ಯಾಂಕಿನ ಬಳಿ. ನಾವೆಲ್ಲ ಬಂದು ನಿಂತೆವು, ಮಂಗಳಕ್ಕನೂ ಬಂದಳು. ತಿಪ್ಪೇಶಣ್ಣ ಮೈಕು ಹಿಡಿದುಕೊಂಡು ನೆಲ ನೋಡುತ್ತ, “ಇಲ್ಲಿ ತಾನಾಗಿ ಬರಲ್ಲ. ಅದಕ್ಕೇ ತರಿಸ್ತಾ ಇದೀನಿ. ಬಾಳಾ ತಡ ಮಾಡ್ದೆ,” ಎಂದ. ಆಮೇಲೆ ತಲೆ ಎತ್ತಿ ಅಂದಿನ ಮಾತನ್ನು ಅಂದ ಹಾಗೆಯೇ ಅಂದ. “ಗಿಟಾರು ನಿನ್ ಕೈಲಾಗಲ್ಲ, ಕೆಳಗಿಡು.”

ಕೆಳಗಿಡು, ಎಂದಿತು ಡಬ್ಬಿ. ಕೆಳಗಿಡು. ಕೆಳಗಿಡು. ಅವನ ತುಟಿ ಅಲುಗಿತು, ದನಿ ಬರಲಿಲ್ಲ. ಮಾತು ಒಂಟಿಯಾಗಿಯೇ ತೇಯುತ್ತ ಹೋಗಿ ನಿಂತಿತು. ನಿನ್ನೆ ಸಾವಿರ ಜನರೆದುರು ಹಾಡಿದ ಮನುಷ್ಯ ನಮ್ಮೆದುರಿಗೆ ಬೆವರು ಒರೆಸಿಕೊಂಡ. ಮಂಗಳಕ್ಕ ಮುಂದೆ ಬಂದು ಬಗ್ಗಿ, ಎಷ್ಟು ಸಲ ತಿರುಗಬೇಕೆನ್ನುವ ತಿರುಗಣೆಯನ್ನು ಸ್ವಲ್ಪ ಹೆಚ್ಚಿಗೆ ಮಾಡಿದಳು. “ಈಗ ಜಾಸ್ತಿ ಹೊತ್ತು ಬರುತ್ತೆ. ಇನ್ನೊಂದ್ಸಲ ಅನ್ನಿ ಅಣ್ಣ, ಅವಸರ ಏನಿಲ್ಲ,” ಎಂದಳು. ಅವನು ಇನ್ನೊಮ್ಮೆ ಅಂದ. ಕೆಳಗಿಡು, ಕೆಳಗಿಡು ಎಂದು ಅದು ತಿರುಗತೊಡಗಿತು, ಪ್ರತಿ ಸಲವೂ ಮೊದಲಿಗಿಂತ ಮೆತ್ತಗೆ. ಐದನೆಯದೋ ಆರನೆಯದೋ ಬರುವಾಗ ಅದರ ಮೇಲೆ ತಿಪ್ಪೇಶಣ್ಣ ಒಡೆದ ದನಿಯಲ್ಲಿ, “ಇಡಬೇಡಮ್ಮ,” ಎಂದ.

ಎರಡೂ ಮಾತು ಕೂಡಿಕೊಂಡು ತಿರುಗಿದವು. ಮೊದಲು ‘ಕೆಳಗಿಡು’ ಸವೆದು ಹೋಯಿತು. ಇನ್ನೊಂದು ಉಳಿಯಿತು. ಖಾದರ್ ವೈರು ಕೀಳಲು ಕೈ ಹಾಕಿದವನು ಹಾಗೇ ನಿಂತ. ಮಂಗಳಕ್ಕ ಡಬ್ಬಿ ಆರಿಸಲು ಬಗ್ಗಲಿಲ್ಲ. ಇಡಬೇಡಮ್ಮ, ಇಡಬೇಡಮ್ಮ ಎಂದು ಅದು ಹೇಳುತ್ತಲೇ ಇತ್ತು, ತಾನಾಗಿ ನಿಲ್ಲುವವರೆಗೂ ಅವಳು ಅಳುತ್ತ ಅದರ ಜೊತೆ ನಿಂತಳು, ಅವನೂ ನಿಂತ.